ಬಾಲ್‌ಕ್ರೇಗ್ ವಂಶದ ಮೂರು ಒಂಟೆಗಳು

ಜೂನ್ ತಿಂಗಳ ಜಿದ್ದಾದಲ್ಲಿ ಕುತ್ತಿಗೆಗೆ ಉಣ್ಣೆಯ ಶಾಲು ಸುತ್ತಿಕೊಂಡು ತರಕಾರಿ ತರಲು ಹೋಗುವ ಮನುಷ್ಯನನ್ನು ನಾನು ಒಬ್ಬರನ್ನೇ ನೋಡಿದ್ದೇನೆ. ಹೊರಗೆ ಕಾರಿನ ಬಾಗಿಲು ಮುಟ್ಟಿದರೆ ಬೆರಳು ಸುಡುವ ಹೊತ್ತಿನಲ್ಲಿ ಆಲ್ಬರ್ಟ್ ಬಾಲ್‌ಕ್ರೇಗ್ ಅವರು ಹಸಿರು ನೀಲಿ ಚೌಕುಳಿಯ ಶಾಲು ಹೊದ್ದು, ಒಂದು ಕೈಯಲ್ಲಿ ಬೆಂಡೆಕಾಯಿಯ ಚೀಲ ಹಿಡಿದು ಅಜೀಜಿಯಾ ಬಡಾವಣೆಯ ನಮ್ಮ ಕಟ್ಟಡದ ಮೆಟ್ಟಿಲು ಹತ್ತಿ ಬರುತ್ತಿದ್ದರು. ಬೆವರು ಕಿವಿಯ ಹಿಂದಿನಿಂದ ಇಳಿದು ಶಾಲಿನೊಳಗೆ ಮಾಯವಾಗುತ್ತಿತ್ತು. ಲಿಫ್ಟ್ ಇದ್ದರೂ ಹತ್ತುತ್ತಿರಲಿಲ್ಲ. ಲಿಫ್ಟಿನಲ್ಲಿ ಶಾಲನ್ನು ಯಾರೂ ನೋಡುವುದಿಲ್ಲವಲ್ಲ.

ಮೊದಲ ಸಲ ನಾನು ಆ ಶಾಲನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿರಬೇಕು. ಅವರು ಅಲ್ಲಿಯೇ ನಿಂತುಬಿಟ್ಟರು. "ಇದು ನಮ್ಮ ಕುಲದ ಬಟ್ಟೆ ಅಕ್ಕ. ಸ್ಕಾಟ್ಲೆಂಡಿನಲ್ಲಿ ಒಂದೊಂದು ಕುಲಕ್ಕೆ ಒಂದೊಂದು ಚೌಕುಳಿ. ಇನ್ನೊಬ್ಬರದ್ದನ್ನು ನಾವು ಹಾಕಲಿಕ್ಕಿಲ್ಲ, ನಮ್ಮದನ್ನು ಇನ್ನೊಬ್ಬರು ಹಾಕಲಿಕ್ಕಿಲ್ಲ" ಎಂದರು. ನನ್ನ ಕಣ್ಣಿಗೆ ಅದು ಮಲ್ಪೆಯ ಬಂದರಿನಲ್ಲಿ ಮೀನು ಹೊರುವವರು ತಲೆಗೆ ಸುತ್ತುವ ಬೈರಾಸಿನ ಹಾಗೆಯೇ ಕಂಡಿತು. ಆ ಹೊರುವವರು ಯಾರ ಅಪ್ಪಣೆ ಕೇಳಿ ಸುತ್ತುತ್ತಾರೋ ತಿಳಿಯದು. ಗಂಡಸರ ಎದುರು ಮಾತು ಬೆಳೆಸುವ ಅಭ್ಯಾಸ ನನಗೆ ಯಾವತ್ತೂ ಇರಲಿಲ್ಲ. ಆದ್ದರಿಂದಲೇ ಅವರು ನನ್ನೊಡನೆ ಅಷ್ಟು ಮಾತಾಡಿದರು ಎಂದು ಕಾಣುತ್ತದೆ.

ಮಕ್ಕಳೇ, ಆಗ ನೀವಿಬ್ಬರೂ ಚಿಕ್ಕವರು. ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಿಮ್ಮಪ್ಪ ನನ್ನನ್ನು ಜಿದ್ದಾಕ್ಕೆ ಕರೆಸಿಕೊಂಡಿದ್ದ. ನೀವು ಶಾಲೆಗೆ, ಅಪ್ಪ ಅಮ್ಮ ಕೆಲಸಕ್ಕೆ ಹೋದ ಮೇಲೆ ನನಗೆ ಮಾತಾಡಲು ಫ್ರಿಜ್ಜೊಂದೇ ಇತ್ತು. ಎದುರು ಬಾಗಿಲಿನ ಮನುಷ್ಯ ತುಳುವಿನಲ್ಲಿ "ಊಟ ಆಯಿತಾ ಅಕ್ಕ" ಎಂದಾಗ ನನಗೆ ಕಣ್ಣಲ್ಲಿ ನೀರು ಬಂದಿತ್ತು. ಊಟ ಆಯಿತು ಎಂದು ನಾನು ಹೇಳುವಷ್ಟರಲ್ಲಿ ಅವರು ಸ್ಕಾಟ್ಲೆಂಡನ್ನು ತಲುಪಿದ್ದರು.

ಉಡುಪಿ ಕಡೆಯ ಪ್ರಾಟೆಸ್ಟಂಟ್ ಕ್ರೈಸ್ತರು ಅವರು. ಏಸಿ ಕೂರಿಸುವ ಒಂದು ಕಂಪನಿಯಲ್ಲಿ, ಯಾವ ಕೋಣೆಗೆ ಎಷ್ಟು ದೊಡ್ಡ ಯಂತ್ರ ಬೇಕೆಂದು ಅಂದಾಜು ಮಾಡುವ ಕೆಲಸ. ಹೆಂಡತಿ ಗ್ರೇಸಿ, ಮಾತು ಕಡಿಮೆ, ನಗು ಹೆಚ್ಚು. ಒಬ್ಬಳೇ ಮಗಳು ನಿರ್ಮಲಾ, ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಟೀಚರು. ಯಾವ ಮಾತು ಎಲ್ಲಿಂದ ಹೊರಟರೂ ಆಲ್ಬರ್ಟ್ ಅವರ ಬಾಯಲ್ಲಿ ಅದು ಬೇಗನೆ ಸ್ಕಾಟ್ಲೆಂಡಿಗೆ ಹೋಗಿ ಇಳಿಯುತ್ತಿತ್ತು. ಈರುಳ್ಳಿ ಕೊಳೆತಿದೆ ಎಂದರೆ ಅಲ್ಲಿಯ ಚಳಿಯಲ್ಲಿ ಏನೂ ಕೊಳೆಯುವುದಿಲ್ಲ ಎನ್ನುವರು. ನೀರಿನ ಟ್ಯಾಂಕರು ಬರಲಿಲ್ಲ ಎಂದರೆ ತಮ್ಮ ಪೂರ್ವಜರ ಕೋಟೆಯ ಪಕ್ಕದಲ್ಲೇ ಹೊಳೆ ಇತ್ತು ಎನ್ನುವರು. ಆ ಕೋಟೆಯನ್ನು ಅವರು ನೋಡಿರಲಿಲ್ಲ. ಸ್ಕಾಟ್ಲೆಂಡನ್ನೇ ನೋಡಿರಲಿಲ್ಲ. ಜಿದ್ದಾ ಬಿಟ್ಟು ಅವರು ಕಂಡ ದೂರದ ಊರೆಂದರೆ ಕೆಲಸದ ಮೇಲೆ ಹೋಗಿಬಂದ, ಸೌದಿಯದೇ ದಕ್ಷಿಣ ತುದಿಯ ಜಿಜಾನ್.

ಹೆಸರಿನ ಮೂಲವನ್ನು ಅವರು ನನಗೆ ಬಹಳ ಸಲ ವಿವರಿಸಿದ್ದರಿಂದ ಈಗಲೂ ಬಾಯಿಪಾಠವಿದೆ. ಅಲ್ಲಿಯ ಹಳೆಯ ಭಾಷೆಯಲ್ಲಿ ಬಾಲ್ ಎಂದರೆ ಒಕ್ಕಲು ಇರುವ ಜಾಗ, ಕ್ರೇಗ್ ಎಂದರೆ ಬಂಡೆ. ಬಂಡೆಯ ಬುಡದ ಹೊಲಮನೆ. ಅದರ ಒಡೆಯನಿಗೆ ಜಾಗದ ಹೆಸರೇ ಹಿಡಿಯಿತು, ಅವನ ಮಕ್ಕಳು ಮೊಮ್ಮಕ್ಕಳಿಗೆ ಅದೇ ಕುಲದ ಹೆಸರಾಯಿತು. ಇದನ್ನು ಹೇಳುವಾಗ ಅವರು ದನಿ ತಗ್ಗಿಸುತ್ತಿದ್ದರು, ದೇವರ ಕೋಣೆಯಲ್ಲಿ ಮಾತಾಡುವವರ ಹಾಗೆ. ನನ್ನ ಅತ್ತೆಯ ತವರಿಗೆ ಪಾದೆಮನೆ ಎಂದು ಹೆಸರು. ಪಾದೆ ಎಂದರೂ ಬಂಡೆಯೇ. ಅವರೂ ಬಂಡೆಯ ಬುಡದಲ್ಲೇ ಇದ್ದರು, ಅವರನ್ನೂ ಊರಿನವರು ಪಾದೆಮನೆಯವರು ಎಂದೇ ಕರೆಯುತ್ತಿದ್ದರು. ಆದರೆ ಅವರು ಅದಕ್ಕಾಗಿ ಗೋಡೆಗೆ ಗುರಾಣಿ ಹೊಡೆಯಲಿಲ್ಲ. ಬಂಡೆಯ ಮೇಲೆ ಹಪ್ಪಳ ಒಣಗಿಸುತ್ತಿದ್ದರು.

ಗುರಾಣಿಯ ಕಥೆಗೆ ಬರುತ್ತೇನೆ. ಸ್ಕಾಟ್ಲೆಂಡಿನ ಹಳೆಯ ಮನೆತನಗಳಿಗೆ ಲಾಂಛನ ಇರುತ್ತದಂತೆ. ಆಲ್ಬರ್ಟ್ ಅವರು ಕಂಪ್ಯೂಟರಿನಲ್ಲಿ ಹುಡುಕಿ ಬಾಲ್‌ಕ್ರೇಗ್ ಹೆಸರಿನ ಲಾಂಛನವನ್ನು ಕಂಡುಹಿಡಿದರು. ನೀಲಿ ಗುರಾಣಿ. ಅದರಲ್ಲಿ ಕತ್ತರಿಸಿದ ಮೂರು ಕಾಡುಹಂದಿಯ ತಲೆಗಳು. ಗುರಾಣಿಯ ಮೇಲೆ ಕಬ್ಬಿಣದ ಶಿರಸ್ತ್ರಾಣ, ಅದರ ಮೇಲೆ ಮುರಿದ ಈಟಿ ಹಿಡಿದ ಒಂದು ಕೈ. ಕೆಳಗಿನ ಪಟ್ಟಿಯಲ್ಲಿ ಲ್ಯಾಟಿನ್ ಭಾಷೆಯ ಘೋಷವಾಕ್ಯ, 'ಬಂಡೆಯಂತೆ ನಿಲ್ಲುವೆ' ಎಂದು ಅರ್ಥವಂತೆ.

ಅದನ್ನು ದೊಡ್ಡದಾಗಿ ಮುದ್ರಿಸಿ ಚೌಕಟ್ಟು ಹಾಕಿಸಲು ಜಿದ್ದಾದ ಇನ್ನೊಂದು ಬಡಾವಣೆ ಶರಫಿಯಾದ ಒಂದು ಅಂಗಡಿಗೆ ಹೋದರು. ಅಂಗಡಿಯವರು ಪಾಕಿಸ್ತಾನದ ಕಡೆಯ ಹಿರಿಯರು. ಚಿತ್ರವನ್ನು ನೋಡಿ, ಕನ್ನಡಕ ತೆಗೆದು ಒರೆಸಿ, ಮತ್ತೆ ನೋಡಿದರಂತೆ. "ಭಾಯ್ ಸಾಬ್, ಯೇ ತೋ ಸುವರ್ ಹೈ" ಎಂದರಂತೆ. ಹಂದಿಯ ತಲೆಗೆ, ಅದೂ ಮೂರು ತಲೆಗೆ, ಜಿದ್ದಾದಲ್ಲಿ ಯಾರು ಚೌಕಟ್ಟು ಹಾಕುತ್ತಾರೆ? ಆಲ್ಬರ್ಟ್ ಅವರು ಇದು ತಮ್ಮ ಕುಲದ ಗೌರವ ಎಂದು ವಾದಿಸಿದರು. ಹಂದಿ ಕುಲದ ಗೌರವವೆಂದು ಆ ಮನುಷ್ಯನಿಗೆ ಒಪ್ಪಿಸುವುದು ಸಾಧ್ಯವೇ? ಕೊನೆಗೆ ಅಂಗಡಿಯವರೇ ಕರುಣೆಯಿಂದ ಒಂದು ದಾರಿ ಹೇಳಿದರು. ಒಂಟೆ ಹಾಲು ಮಾರುವ ಅಂಗಡಿಯೊಂದರ ಬೋರ್ಡಿಗಾಗಿ ಮಾಡಿದ ಒಂಟೆಯ ಮುಖ ಅವರ ಕಂಪ್ಯೂಟರಿನಲ್ಲಿ ತಯಾರಿತ್ತು. ಹಂದಿಗಳನ್ನು ತೆಗೆದು ಅದನ್ನೇ ಮೂರು ಕಡೆ ಕೂರಿಸಿಕೊಡುತ್ತೇನೆ, ಅಳತೆ ಸರಿಯಾಗಿ ಹೊಂದುತ್ತದೆ ಎಂದರು.

ಹಾಗೆ ಬಾಲ್‌ಕ್ರೇಗ್ ವಂಶದ ಗುರಾಣಿಯಲ್ಲಿ ಮೂರು ಒಂಟೆಗಳು ಬಂದು ಕುಳಿತವು. ಉದ್ದ ರೆಪ್ಪೆ, ಅರೆಮುಚ್ಚಿದ ಕಣ್ಣು, ಮೆಲುಕು ಹಾಕುವ ತುಟಿ. ಹಾಲು ಮಾರುವ ಒಂಟೆಗಳಾದ್ದರಿಂದ ಮೂರೂ ನಗುತ್ತಿದ್ದವು. ಮೇಲೆ ಈಟಿ, ಕೆಳಗೆ ಬಂಡೆಯಂತೆ ನಿಲ್ಲುವೆ. ಗ್ರೇಸಿ ನನ್ನನ್ನು ಕರೆದು ತೋರಿಸಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಓಡಿದಳು. ಆಲ್ಬರ್ಟ್ ಅವರು ಮಾತ್ರ ಗಂಭೀರವಾಗಿದ್ದರು. "ಹಿರಿಯ ಶಾಖೆಯ ಲಾಂಛನಕ್ಕೂ ಕಿರಿಯ ಶಾಖೆಯದ್ದಕ್ಕೂ ಸಣ್ಣ ವ್ಯತ್ಯಾಸ ಇರಬೇಕು ಅಂತ ಅಲ್ಲಿಯ ನಿಯಮವೇ ಉಂಟು ಅಕ್ಕ. ನಮ್ಮದು ಅರೇಬಿಯಾದ ಶಾಖೆ" ಎಂದರು.

ಅವರ ಕಂಪನಿಯ ಮುದೀರ್, ಅಂದರೆ ಮೇಲಧಿಕಾರಿ, ಸೌದಿಯವರು, ಒಮ್ಮೆ ಚಹಾಕ್ಕೆ ಬಂದಿದ್ದರು. ಗೋಡೆ ನೋಡಿ ಅವರಿಗೆ ಬಹಳ ಸಂತೋಷವಾಯಿತಂತೆ. ತಮ್ಮ ಕುಲಕ್ಕೂ ಗುರುತು ಇದೆ, ಅಜ್ಜಂದಿರು ಅದನ್ನು ಕಾಯಿಸಿದ ಕಬ್ಬಿಣದಿಂದ ಒಂಟೆಯ ಕುತ್ತಿಗೆಗೆ ಒತ್ತುತ್ತಿದ್ದರು, ಕಳೆದುಹೋದ ಒಂಟೆ ಯಾರದ್ದೆಂದು ತಿಳಿಯುವುದಕ್ಕಾಗಿ, ಎಂದು ಹೇಳಿದರಂತೆ. ಒಂಟೆಯ ಮೇಲೆ ಗುರುತು ಹಾಕುವವರನ್ನು ಕಂಡಿದ್ದೇನೆ, ಗುರುತಿನ ಮೇಲೆ ಒಂಟೆ ಹಾಕಿದವರನ್ನು ಈಗಲೇ ಕಂಡದ್ದು ಎಂದೂ ಸೇರಿಸಿದರಂತೆ. ಅದರೊಳಗಿನ ಚುಚ್ಚು ಆಲ್ಬರ್ಟ್ ಅವರಿಗೆ ತಾಗಲಿಲ್ಲ. ಮುದೀರ್ ತಮ್ಮನ್ನು ಸಮಾನ ಕುಲದವರೆಂದು ಒಪ್ಪಿದರೆಂದು ಅವರು ಕಟ್ಟಡದಲ್ಲೆಲ್ಲ ಹೇಳಿಕೊಂಡು ಬಂದರು.

ಅವರಿಗೆ ತಾಗುವಂತೆ ಮಾತಾಡುವವಳು ನಿರ್ಮಲಾ ಒಬ್ಬಳೇ. ಅವಳೂ ಓದಿ ನೋಡಿದ್ದಳು. ಸ್ಕಾಟ್ಲೆಂಡಿನಲ್ಲಿ ಲಾಂಛನ ಕೊಡುವುದು ಹೆಸರಿಗಲ್ಲ, ಒಬ್ಬ ಮನುಷ್ಯನಿಗೆ. ಅವನ ನಂತರ ಅವನ ವಾರಸುದಾರನಿಗೆ. ಅದೇ ಹೆಸರಿನ ಬೇರೆಯವರು ಅದನ್ನು ತಮ್ಮದೆಂದು ಬಳಸಿದರೆ ಅಲ್ಲಿ ಅದಕ್ಕೆಂದೇ ಇರುವ ನ್ಯಾಯಾಲಯಕ್ಕೆ ಎಳೆಯುತ್ತಾರೆ. ಇದನ್ನು ಅವಳು ನನ್ನೆದುರೇ ಅಪ್ಪನಿಗೆ ವಿವರಿಸಿದಳು.

"ಎಳೆಯಲಿ. ಅಜೀಜಿಯಾಕ್ಕೆ ಬರ್ಲಿಕ್ಕೆ ಅವರಿಗೆ ವೀಸಾ ಬೇಡವಾ?" ಎಂದರು ಆಲ್ಬರ್ಟ್.

ಇಷ್ಟೇ ಆಗಿದ್ದರೆ ನಾನು ಈಗಲೂ ನಕ್ಕು ಸುಮ್ಮನಿರುತ್ತಿದ್ದೆ. ಆದರೆ ನಿರ್ಮಲಾಳಿಗೆ ಒಬ್ಬ ಹುಡುಗ ಮನಸ್ಸಿಗೆ ಬಂದಿದ್ದ. ಸುದೀಪ ಎಂದು ಹೆಸರು. ಅವರ ಚರ್ಚಿನ ಸಭೆಯವನೇ, ಮೂಲ್ಕಿ ಕಡೆಯವನು. ಜಿಜಾನಿನಲ್ಲಿ ಕಾರ್ಖಾನೆಯ ಕೆಲಸಗಾರರ ಕ್ಯಾಂಪಿನಲ್ಲಿ ದೊಡ್ಡ ಅಡುಗೆಮನೆಯ ಮುಖ್ಯ ಅಡುಗೆಯವನು. ಊರಿನವರ ಒಂದು ಕೂಟದಲ್ಲಿ ಪರಿಚಯವಾಗಿತ್ತು. ಗ್ರೇಸಿಗೆ ಒಪ್ಪಿಗೆ ಇತ್ತು. ಆಲ್ಬರ್ಟ್ ಅವರು ಹುಡುಗನ ಕೆಲಸ ಕೇಳಿದ ಕೂಡಲೇ ಕೈಯೆತ್ತಿ ಮಾತು ನಿಲ್ಲಿಸಿದರು. "ಬಾಲ್‌ಕ್ರೇಗ್ ಮನೆಯ ಹುಡುಗಿ ಸೌಟು ಹಿಡಿಯುವವನಿಗಾ? ಕುಲ ಗೊತ್ತಿಲ್ಲ, ಬೇರು ಗೊತ್ತಿಲ್ಲ" ಎಂದರು.

ನಿರ್ಮಲಾ ಜಗಳವಾಡಲಿಲ್ಲ. ಸುದೀಪ ರಜೆಗೆ ಊರಿಗೆ ಹೊರಡುವುದರಲ್ಲಿದ್ದ. ಈ ರಜೆಯಲ್ಲಿ ಇವಳ ಕಡೆಯಿಂದ ಒಪ್ಪಿಗೆಯ ಮಾತು ಬರದಿದ್ದರೆ ಇರಲಿ ಎಂದು ಅವನ ತಾಯಿ ಅಲ್ಲಿಯೇ ಬೇರೆ ಹುಡುಗಿ ಗೊತ್ತು ಮಾಡಿಟ್ಟಿದ್ದರು. ನಿರ್ಮಲಾ ನಮ್ಮ ಮನೆಗೆ ಬಂದು ನಿಮ್ಮ ಡ್ರಾಯಿಂಗ್ ಪುಸ್ತಕ ಮಡಿಲಲ್ಲಿಟ್ಟುಕೊಂಡು ಕೂತಳು. ಪುಟ ತಿರುಗಿಸಲಿಲ್ಲ. "ಅಪ್ಪನ ಒಂಟೆ ದಾಟಿ ನಾನು ಮದುವೆ ಆಗ್ಲಿಕ್ಕುಂಟಾ ಆಂಟಿ?" ಎಂದಳು. ನಗಿಸಲು ಹೇಳಿದಳು, ಆದರೆ ಅವಳ ದನಿ ನಡುವೆ ಒಡೆಯಿತು. ಅಂದಿನಿಂದ ಆ ಮೂರು ಮುಖಗಳನ್ನು ಕಂಡರೆ ನನಗೆ ನಗು ಬರಲಿಲ್ಲ.

ಅದೇ ಹೊತ್ತಿಗೆ ಆಲ್ಬರ್ಟ್ ಅವರ ತಾಯಿ ಎಸ್ತರಬಾಯಿ ವಿಸಿಟ್ ವೀಸಾದಲ್ಲಿ ಬಂದಿದ್ದರು. ಎಂಬತ್ತು ದಾಟಿದ ಜೀವ. ಬಂದ ದಿನ ಗೋಡೆಯನ್ನು ನೋಡಿ, ಇದು ಯಾವ ಹಾಲಿನ ಕಂಪನಿಯ ಕ್ಯಾಲೆಂಡರು ಎಂದು ಕೇಳಿದರಂತೆ. ಮಗ ವಿವರಿಸಿದಾಗ ಬೆಳ್ಳುಳ್ಳಿ ಬಿಡಿಸಲು ಕೂತರಂತೆ. ನನ್ನ ಹಾಗೆಯೇ ಅವರಿಗೂ ಹೊರಗೆ ಹೋಗುವ ಆಸೆಯಿಲ್ಲ. ದಿನವೂ ಬೆಳಿಗ್ಗೆ ಅವರ ಮನೆಗೆ ಹೋಗಿ ಜೊತೆಯಲ್ಲಿ ಕೂರುವುದು ನನ್ನ ಅಭ್ಯಾಸವಾಯಿತು.

ಒಂದು ಶುಕ್ರವಾರ ಸುದೀಪ ಬಂದ. ಊರಿಗೆ ಹೋಗುವ ವಿಮಾನ ಜಿದ್ದಾದಿಂದಲೇ ಇದ್ದುದರಿಂದ, ಒಮ್ಮೆ ಹುಡುಗಿಯ ತಂದೆಯನ್ನು ತಾನೇ ಕಂಡು ಕೇಳುತ್ತೇನೆ ಎಂದು ನಿರ್ಮಲಾಳಿಗೆ ಹೇಳಿದ್ದನಂತೆ. ಎಂದಿನಂತೆ ಅಲ್ಲಿ ಕೂತಿದ್ದ ನಾನು ಎದ್ದು ಹೊರಡಲು ನೋಡಿದೆ. ಎಸ್ತರಬಾಯಿ ನನ್ನ ಸೆರಗು ಹಿಡಿದು ಕೂರಿಸಿದರು. ಹುಡುಗ ಎತ್ತರವಿಲ್ಲ, ಚಂದವೂ ಅಲ್ಲ, ಬೆರಳುಗಳ ಮೇಲೆ ಎಣ್ಣೆ ಸಿಡಿದ ಕಲೆಗಳು. ಆಲ್ಬರ್ಟ್ ಅವರು ಅವನನ್ನು ಗುರಾಣಿಯ ಎದುರಿನ ಕುರ್ಚಿಯಲ್ಲೇ ಕೂರಿಸಿ, ತಾವು ಅದರ ಕೆಳಗೆ ಕೂತರು. ಏಸಿ ಕೋಣೆಯೊಳಗೂ ಶಾಲು ಇತ್ತು. ಬಂಡೆಯಿಂದ ಪ್ರಾರಂಭಿಸಿದರು. ಹೊಲಮನೆ, ಕೋಟೆ, ಹೊಳೆ, ಈಟಿ, ಹಿರಿಯ ಶಾಖೆ, ಕಿರಿಯ ಶಾಖೆ. ಹುಡುಗ ಚಹಾ ಆರುವವರೆಗೂ ಕೇಳಿದ. ಆಮೇಲೆ ಆಲ್ಬರ್ಟ್ ಅವರು ಅವನ ಮೂಲ ಯಾವುದೆಂದು ಕೇಳಿದರು.

"ಅಜ್ಜ ಮೀನು ಹಿಡೀತಿದ್ರು ಅಂಕಲ್. ಅದರ ಹಿಂದೆ ನನಗೆ ಗೊತ್ತಿಲ್ಲ. ನಾನು ಅಡುಗೆ ಮಾಡ್ತೇನೆ" ಎಂದ.

"ಅದೇ ಹೇಳಿದ್ದು ನಾನು. ಹಿಂದೆ ಗೊತ್ತಿಲ್ಲ" ಎಂದು ಆಲ್ಬರ್ಟ್ ಗೋಡೆಯ ಕಡೆ ಕೈ ತೋರಿಸಿದರು. "ನಮ್ಮದು ಗೊತ್ತುಂಟು."

ಬಾಗಿಲ ಮರೆಯಲ್ಲಿ ನಿರ್ಮಲಾ ನಿಂತಿದ್ದಳು. ಹುಡುಗ ಎದ್ದು ಚೀಲ ಹೆಗಲಿಗೇರಿಸಿದ. ಆಗ ಎಸ್ತರಬಾಯಿ ಬೆಳ್ಳುಳ್ಳಿಯ ತಟ್ಟೆಯನ್ನು ನನ್ನ ಮಡಿಲಿಗೆ ದಾಟಿಸಿದರು.

"ಕೂತುಕೋ ಮಗಾ" ಎಂದರು ಹುಡುಗನಿಗೆ. ಮತ್ತೆ ಮಗನ ಕಡೆ ತಿರುಗಿ, "ನಿನ್ನ ಮುತ್ತಜ್ಜ ಯಾಕೋಬ ಎಂತ ಮಾಡ್ತಿದ್ದ ಹೇಳು, ಕೇಳುವಾ" ಎಂದರು.

ಆಲ್ಬರ್ಟ್ ಅವರು ಸ್ಕಾಟ್ಲೆಂಡಿನಿಂದ ಬಂದು ಘಟ್ಟದ ಮೇಲೆ ಕಾಫಿ ತೋಟ ಮಾಡಿದ್ದ ಬಾಲ್‌ಕ್ರೇಗ್ ಎಂಬ ಬಿಳಿ ದೊರೆಯ ವಿಷಯ ಎತ್ತಿದರು. ದೊರೆಯ ರಕ್ತವೇ ತಮ್ಮದೆಂದು ಅವರು ಸ್ಪಷ್ಟವಾಗಿ ಎಂದೂ ಹೇಳಿರಲಿಲ್ಲ. ಆದರೆ ಕೇಳಿದವರು ಹಾಗೆ ತಿಳಿಯದಂತೆಯೂ ಎಂದೂ ಹೇಳಿರಲಿಲ್ಲ.

"ದೊರೆ ಇದ್ದದ್ದು ಹೌದು" ಎಂದರು ಎಸ್ತರಬಾಯಿ. "ದೊರೆಗೆ ಹೆಂಡತಿ ಇಲ್ಲ, ಮಕ್ಕಳಿಲ್ಲ. ಯಾಕೋಬ ಅವನ ಅಡುಗೆಯವ."

ಆಮೇಲೆ ಅವರು ಹೇಳಿದ್ದನ್ನು ನಾನು ಚಿಕ್ಕದು ಮಾಡಿ ಬರೆಯುತ್ತೇನೆ. ಆ ಕಾಲದಲ್ಲಿ ದೀಕ್ಷಾಸ್ನಾನ ಪಡೆದವರಿಗೆ ಸಭೆಯಲ್ಲಿ ಒಂದು ಮನೆತನದ ಹೆಸರು ಬೇಕಿತ್ತು. ಹಳೆಯ ಹೆಸರು ಹೇಳಿದರೆ ಹಳೆಯ ಜಾತಿ ಹೊರಬೀಳುತ್ತದೆ. ಹಾಗಾಗಿ ಪಾದ್ರಿಯವರು ಬಂಗಲೆಯಲ್ಲಿ ಕೆಲಸ ಮಾಡುವ ಎಲ್ಲರಿಗೂ ದೊರೆಯ ಹೆಸರನ್ನೇ ಹಚ್ಚಿಬಿಟ್ಟರು. ಅಡುಗೆಯವ ಬಾಲ್‌ಕ್ರೇಗ್, ಕುದುರೆ ನೋಡುವವ ಬಾಲ್‌ಕ್ರೇಗ್, ತೋಟದ ಕೆಲಸದ ಹೆಂಗಸು ಬಾಲ್‌ಕ್ರೇಗ್. ಊರಿನಲ್ಲಿ ಇವತ್ತಿಗೂ ಮೂರು ಬಾಲ್‌ಕ್ರೇಗ್ ಮನೆಗಳಿವೆ, ಒಂದಕ್ಕೊಂದು ಹೆಣ್ಣು ಕೊಟ್ಟು ತಂದಿದ್ದಾರೆ, ಒಂದೇ ಕುಲವಾಗಿದ್ದರೆ ಅದು ಆಗುತ್ತಿತ್ತೇ ಎಂದು ಕೇಳಿದರು. ತಾನು ಮದುವೆಯಾಗಿ ಬಂದಾಗ ಯಾಕೋಬ ಇನ್ನೂ ಇದ್ದರು, ಕಣ್ಣು ಹೋಗಿತ್ತು, ಜಗಲಿಯಲ್ಲಿ ಕೂತಲ್ಲಿಂದಲೇ ವಾಸನೆ ಹಿಡಿದು ಸಾರಿಗೆ ಹುಳಿ ಹೆಚ್ಚಾಯಿತು ಎನ್ನುತ್ತಿದ್ದರು. ಸೊಸೆಯಂದಿರು ಅವರಿಗೆ ಹೆದರಿದಷ್ಟು ದೇವರಿಗೂ ಹೆದರಲಿಲ್ಲ.

"ಇಷ್ಟು ವರ್ಷ ಯಾಕೆ ಹೇಳಲಿಲ್ಲ ಅಮ್ಮ?" ಎಂದರು ಆಲ್ಬರ್ಟ್. ಅವರ ದನಿ ಚಿಕ್ಕದಾಗಿತ್ತು.

"ನೀನು ನನ್ನತ್ರ ಕೇಳಿದ್ದು ಯಾವಾಗ ಮಾರಾಯ? ಕಂಪ್ಯೂಟರಿನತ್ರ ಕೇಳಿದಿ" ಎಂದು ಹೇಳಿ ಆಕೆ ನನ್ನ ಮಡಿಲಿನಿಂದ ತಟ್ಟೆಯನ್ನು ವಾಪಸು ತೆಗೆದುಕೊಂಡರು.

ಆಲ್ಬರ್ಟ್ ಅವರು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಸುದೀಪ ಗ್ರೇಸಿ ಬಡಿಸಿದ ಊಟ ಮಾಡಿ, ಎಸ್ತರಬಾಯಿಯ ಕಾಲು ಮುಟ್ಟಿ, ಯಾವ ಉತ್ತರವೂ ಇಲ್ಲದೆ ವಿಮಾನ ಹತ್ತಿದ.

ಅನಂತರ ಆಲ್ಬರ್ಟ್ ಅವರು ಮೆಟ್ಟಿಲಿನಲ್ಲಿ ಕಾಣಿಸಲಿಲ್ಲ. ಲಿಫ್ಟಿನಲ್ಲಿ ಹೋಗುತ್ತಿದ್ದರು. ಶಾಲು ಇರಲಿಲ್ಲ. ಶಾಲಿಲ್ಲದ ಅವರ ಕುತ್ತಿಗೆ ಗರಿ ಕಿತ್ತ ಕೋಳಿಯ ಕುತ್ತಿಗೆಯಂತೆ ಕಾಣುತ್ತಿತ್ತೆಂದು ಬರೆದರೆ ನಿಮಗೆ ನಗು ಬರುತ್ತದೆ. ನನಗೆ ಆಗ ನಗು ಬರಲಿಲ್ಲ. ನಿರ್ಮಲಾ ಶಾಲೆಯಿಂದ ಬಂದು ಫೋನು ಮಗುಚಿಟ್ಟು ಕೂರುತ್ತಿದ್ದಳಂತೆ. ಊರಿನಲ್ಲಿ ಸುದೀಪನ ತಾಯಿ ಇನ್ನೊಂದು ಮನೆಗೆ ಹೆಣ್ಣು ಕೇಳಲು ಹೋಗುವ ದಿನ ನಿಶ್ಚಯಿಸಿದ್ದರು.

ಆಮೇಲೆ ಒಂದು ಸಂಜೆ ಆಲ್ಬರ್ಟ್ ಅವರು ನಮ್ಮ ಕರೆಗಂಟೆ ಒತ್ತಿದರು. ಶಾಲು ವಾಪಸು ಬಂದಿತ್ತು. ಮುಖ ಸ್ನಾನ ಮಾಡಿದ ಹಾಗೆ ಹೊಳೆಯುತ್ತಿತ್ತು. ಬಾಗಿಲಲ್ಲೇ ನಿಂತು ಹೇಳಿದರು. ಸ್ಕಾಟ್ಲೆಂಡಿನ ರಾಜರ ಅರಮನೆಯಲ್ಲಿ ಊಟ, ಉಗ್ರಾಣ, ಆಳುಕಾಳು ಎಲ್ಲವನ್ನೂ ನೋಡಿಕೊಳ್ಳುವ ಒಂದು ದೊಡ್ಡ ಹುದ್ದೆ ಇತ್ತಂತೆ. ಅದು ತಂದೆಯಿಂದ ಮಗನಿಗೆ ಬರುತ್ತಿತ್ತು. ಬರಬರುತ್ತಾ ಹುದ್ದೆಯ ಹೆಸರೇ ಆ ಮನೆತನದ ಹೆಸರಾಯಿತು. ಅದೇ ಮನೆತನ ಮುಂದೆ ಸಿಂಹಾಸನವನ್ನೂ ಏರಿತು.

"ಗೊತ್ತಾಯ್ತಾ ಅಕ್ಕ? ಅಡುಗೆಮನೆಯಿಂದ ಸಿಂಹಾಸನಕ್ಕೆ. ಅದು ಅಲ್ಲಿಯ ಪದ್ಧತಿ. ನಮ್ಮ ಯಾಕೋಬಜ್ಜ ಸಾಮಾನ್ಯ ಅಡುಗೆಯವ ಅಲ್ಲ, ದೊರೆಯ ಗೃಹಾಧಿಕಾರಿ. ಹಾಗೆ ನೋಡಿದ್ರೆ ಆ ಹುಡುಗನದ್ದೂ ಅದೇ ಹುದ್ದೆ. ಸಮಾನ ಕುಲ. ನಾನು ಈಗ ಅವನ ತಾಯಿಗೆ ಫೋನು ಮಾಡಿ ಬಂದೆ."

ಎದುರು ಬಾಗಿಲಿನ ಸಂದಿನಲ್ಲಿ ನಿರ್ಮಲಾ ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅವಳ ಹಿಂದೆ ಎಸ್ತರಬಾಯಿ ನನ್ನ ಕಡೆ ನೋಡಿ, ಬಾಯಿಯ ಮೇಲೆ ಬೆರಳಿಟ್ಟರು. ನಾನು ಎಂದಾದರೂ ಮಾತಾಡಿದವಳೇ? ತಲೆಯಾಡಿಸಿದೆ. ಗೆದ್ದದ್ದು ಹುಡುಗಿ. ಗೆದ್ದೆನೆಂದುಕೊಂಡು ಹೋದವರು ಆಲ್ಬರ್ಟ್. ಹಾಗಾಗಿ ಯಾರಿಗೂ ನಷ್ಟವಿಲ್ಲ.

ಮದುವೆ ಊರಿನಲ್ಲಿ ನಡೆಯಿತು. ಆಮಂತ್ರಣದ ಕಾಗದದಲ್ಲಿ ಆಲ್ಬರ್ಟ್ ಅವರು ವರನ ಹೆಸರಿನ ಕೆಳಗೆ 'ಪಾಕಶಾಲೆಯ ಮಹಾಧಿಕಾರಿ, ಜಿಜಾನ್' ಎಂದು ಅಚ್ಚು ಹಾಕಿಸಿದ್ದರು. ಮೇಲ್ಭಾಗದಲ್ಲಿ ಒಂಟೆಗಳ ಜೊತೆ ಒಂದು ಸೌಟನ್ನೂ ಸೇರಿಸಬೇಕೆಂದಿದ್ದರಂತೆ. ನಿರ್ಮಲಾ ಒಂಟೆ, ಸೌಟು ಎರಡನ್ನೂ ತೆಗೆಸಿದಳು. ಆಮೇಲೆ ಅವಳು ಗಂಡನ ಜೊತೆ ಜಿಜಾನಿಗೆ ಹೋದಳು, ಎಸ್ತರಬಾಯಿ ಊರಲ್ಲೇ ಉಳಿದರು. ಕಂಪನಿ ವಯಸ್ಸಾದವರನ್ನೆಲ್ಲ ಮನೆಗೆ ಕಳಿಸಲು ತೊಡಗಿದಾಗ ಆಲ್ಬರ್ಟ್ ಅವರ ಸರದಿಯೂ ಬಂತು.

ಹೊರಡುವ ಮುಂಚೆ ಮಗಳ ಮನೆಗೆ ಹೋಗಿ ಬಂದಿದ್ದರು. ಬಂದವರು ನೇರ ನಮ್ಮ ಮನೆಗೆ ಒಂದು ಡಬ್ಬಿ ತಂದರು. ಅಂಜಲ್ ಮೀನಿನ ಕಟ್ಲೆಟ್, ಅಳಿಯ ಮಾಡಿದ್ದು, ನಿಮ್ಮಿಬ್ಬರಿಗೆ ಕೊಡಬೇಕೆಂದರು. ನೀವು ಶಾಲೆಯಿಂದ ಬಂದಿರಲಿಲ್ಲ. ನಾನು ನೀರು ಕೊಟ್ಟೆ. ಹೇಗಿದೆಯೆಂದು ನೋಡಬೇಕಲ್ಲ ಎಂದು ಮುಚ್ಚಳ ತೆಗೆದು ಒಂದನ್ನು ಬಾಯಿಗೆ ಹಾಕಿಕೊಂಡರು. ಕಣ್ಣು ಮುಚ್ಚಿ ಅಗಿದರು. ಈರುಳ್ಳಿಯನ್ನು ಹೇಗೆ ಹೆಚ್ಚಿದ್ದಾನೆಂದು ತೋರಿಸಲು ಇನ್ನೊಂದನ್ನು ಮುರಿದರು. ಮುರಿದದ್ದನ್ನು ಇಡಬಾರದೆಂದು ಅದನ್ನೂ ತಿಂದರು. ಸ್ಕಾಟ್ಲೆಂಡಿನ ಹೆಸರನ್ನು ಆ ದಿನ ಎತ್ತಲೇ ಇಲ್ಲ. ಯಾಕೋಬಜ್ಜನ ಮೂಗಿನ ಬಗ್ಗೆ, ಆ ಅಜ್ಜ ಒಗ್ಗರಣೆಯ ಸದ್ದು ಕೇಳಿಯೇ ಎಣ್ಣೆ ಕಾದಿದೆಯೋ ಇಲ್ಲವೋ ಹೇಳುತ್ತಿದ್ದುದರ ಬಗ್ಗೆ ಮಾತಾಡಿದರು, ಕೈ ಮಾತ್ರ ಮತ್ತೆ ಮತ್ತೆ ಡಬ್ಬಿಗೆ ಹೋಗಿ ಬಾಯಿಗೆ ಬರುತ್ತಿತ್ತು. ಅಮ್ಮನ ಹತ್ತಿರ ದಿನಾ ಫೋನಿನಲ್ಲಿ ಕೇಳಿ ತಿಳಿದುಕೊಳ್ಳುತ್ತಿದ್ದಾರಂತೆ.

"ಯಾಕೋಬಜ್ಜನ ಕೈಗುಣ ಅಕ್ಕ ಇದು. ಹಾಗೆಯೇ ಇಳಿದು ಬಂದಿದೆ ಇವನಿಗೆ. ರಕ್ತ ಸುಳ್ಳು ಹೇಳುವುದಿಲ್ಲ" ಎಂದರು.

ಅಳಿಯನಿಗೆ ಮಾವನ ಮುತ್ತಜ್ಜನ ರಕ್ತ ಯಾವ ದಾರಿಯಲ್ಲಿ ಇಳಿಯಿತು ಎಂದು ನಾನು ಕೇಳಲಿಲ್ಲ. ಅವರ ಕಣ್ಣು ತುಂಬಿತ್ತು. ಮಕ್ಕಳಿಗೆ ಬಾಲ್‌ಕ್ರೇಗ್ ಮಾಮ ಕೊಟ್ಟದ್ದು ಎಂದು ಹೇಳಿ ಎನ್ನುತ್ತಾ ಮುಚ್ಚಳ ಹಾಕಿ, ಡಬ್ಬಿಯನ್ನು ನನ್ನ ಕೈಗಿತ್ತು ಹೊರಟುಹೋದರು. ಆಮೇಲೆ ಅವರನ್ನು ನಾನು ನೋಡಲಿಲ್ಲ.

ಆ ದಿನ ನೀವು ಶಾಲೆಯಿಂದ ಬಂದು, ವಾಸನೆ ಹಿಡಿದು, ಡಬ್ಬಿ ತೆರೆದು, ಖಾಲಿ ಕಂಡು, ಅಜ್ಜಿ ಒಬ್ಬಳೇ ಎಲ್ಲ ತಿಂದಳೆಂದು ಸಂಜೆಯವರೆಗೆ ನನ್ನ ಮೇಲೆ ಮುನಿಸಿಕೊಂಡಿದ್ದಿರಿ. ನಾನು ಒಂದನ್ನೂ ತಿಂದಿರಲಿಲ್ಲ.